ನಾಗಲಿಂಗಯ್ಯನವರ ಮನೆಯ ರೂಲು

ಮಧುಗಿರಿ ಪೇಟೆ ಬೀದಿಯ ನಾಗರತ್ನಮ್ಮನವರಿಗೆ ಇಂಗ್ಲಿಷಿನಲ್ಲಿ ಚೆನ್ನಾಗಿ ಗೊತ್ತಿದ್ದ ಮಾತು ಒಂದೇ, ರೂಲು. ಅದನ್ನು ಅವರಿಗೆ ಕಲಿಸಿದವರು ಗಂಡ ನಾಗಲಿಂಗಯ್ಯನವರು. ತಾಲ್ಲೂಕು ಕಚೇರಿಗೆ ಗುಮಾಸ್ತರಾಗಿ ಸೇರಿ ಶಿರಸ್ತೇದಾರರಾಗಿ ಪಿಂಚಣಿ ಪಡೆದ ಅವರು, ಕಚೇರಿ ಬಿಟ್ಟ ದಿನ ಕೊರಳಲ್ಲಿ ಹೂವಿನ ಹಾರ ಹಾಕಿಕೊಂಡು, ಕಂಕುಳಲ್ಲಿ ಕರಿಯ ದುಂಡು ಕೋಲೊಂದನ್ನು ಇರುಕಿಕೊಂಡು ಮನೆಗೆ ಬಂದರು. ಹಾರ ಮಾರನೆಯ ದಿನ ಬಾಡಿತು. ಕೋಲು ಮನೆಯಲ್ಲೇ ಉಳಿಯಿತು.

"ಇದೇನ್ರೀ, ಲಟ್ಟಣಿಗೆ ಇದ್ದಂಗೈತೆ?"

"ರೂಲು. ಕಾಗದದ ಮೇಲೆ ಗೆರೆ ಹೊಡಿಯೋಕೆ. ಗೆರೆ ನೆಟ್ಟಗಿದ್ರೆ ಅಕ್ಷರ ನೆಟ್ಟಗೆ ನಿಲ್ತವೆ."

ಅಷ್ಟಕ್ಕೇ ನಿಂತಿದ್ದರೆ ನಾಗರತ್ನಮ್ಮನವರ ತಕರಾರೇನೂ ಇರಲಿಲ್ಲ. ಆದರೆ ತಿಂಗಳೊಳಗೆ ಆ ಮಾತು ಕೋಲನ್ನು ಬಿಟ್ಟು ಅಡಿಗೆಮನೆಗೆ ಬಂತು. ಕಚೇರಿಯ ಗಂಟೆ ಹತ್ತು ಹೊಡೆಯುವಾಗ ತಟ್ಟೆ ಹಾಕಿರಬೇಕು, ಅದು ರೂಲು. ಸ್ನಾನ ಮಾಡದೆ ನೀರಿನ ಹಂಡೆ ಮುಟ್ಟಬಾರದು, ಅದೂ ರೂಲು. ಯಾರು ಯಾವ ಊರಿಗೆ ಹೋಗುವುದಾದರೂ ವಾರದ ಮುಂಚೆ ತಿಳಿಸಿ ಒಪ್ಪಿಗೆ ತೆಗೆದುಕೊಳ್ಳಬೇಕು. ಒಂದು ಸಲ ಸೌದೆ ಹಸಿಯಾಗಿ ಒಲೆ ಹತ್ತದೆ ಊಟ ತಡವಾಯಿತು. ನಾಗಲಿಂಗಯ್ಯನವರು ಕೂತ ಮಣೆಯಿಂದ ಎದ್ದು, ಸಂಜೆಯ ತನಕ ಜಗಲಿಯಲ್ಲಿ ಉಪವಾಸ ಕೂತು, ದಾರಿಯಲ್ಲಿ ಹೋಗುವವರಿಗೆಲ್ಲ "ನಮ್ಮ ಮನೇಲಿ ಇವತ್ತು ಒಲೆ ಹತ್ತಲಿಲ್ಲ" ಎಂದು ಹೇಳಿದರು. ಯುದ್ಧ ಬಂದು, ಅಕ್ಕಿ ಸಕ್ಕರೆಗೆಲ್ಲ ರೇಷನ್ನು ಬಂದ ಮೇಲೆ ಉಗ್ರಾಣದ ಬೀಗದಕೈಯೂ ನಾಗರತ್ನಮ್ಮನವರ ಸೊಂಟದಿಂದ ಗಂಡನ ಉಡಿದಾರಕ್ಕೆ ಹೋಯಿತು. ಬೆಳಿಗ್ಗೆ ಅವರೇ ಬಾಗಿಲು ತೆಗೆದು ರಾಗಿ, ಬೇಳೆ ಅಳೆದು ಕೊಡುತ್ತಿದ್ದರು.

"ಮದುವೆಯಾದಾಗಿಂದ ನಾನು ನಡೆಸಿದ ಮನೆ ಇದು. ಒಂದಿನ ಯಾರೂ ಹಸ್ಕಂಡು ಮಲಗಲಿಲ್ಲ. ಈಗ ಒಂದು ಹಿಡಿ ಹುರುಳಿಕಾಳಿಗೆ ಇವರ ಮುಂದೆ ಸೆರಗೊಡ್ಡಬೇಕು" ಎಂದು ನಾಗರತ್ನಮ್ಮ ಸೊಸೆಯ ಹತ್ತಿರ ಗೊಣಗುತ್ತಿದ್ದರು.

ಸೊಸೆ ಕಮಲಾಕ್ಷಮ್ಮ ಕೊರಟಗೆರೆ ತಾಲ್ಲೂಕಿನ ತೋವಿನಕೆರೆಯ ಹುಡುಗಿ. ಮಾತು ಕಡಿಮೆ. ಎರಡು ವರ್ಷದ ಹಿಂದೆ ಇದೇ ಮನೆಯಲ್ಲಿ ಹೆತ್ತ ಮೊದಲ ಮಗು ಉಸಿರಾಡಲಿಲ್ಲ. ಈಗ ಮತ್ತೆ ತುಂಬು ಬಸುರಿ. "ಹೂಂ ಅತ್ತೆ" ಎಂದು ಕೇಳಿಕೊಂಡು ತನ್ನ ಕೆಲಸ ತಾನು ಮಾಡುತ್ತಿದ್ದಳು.

ಆ ವರ್ಷ ಆಗಸ್ಟಿನಲ್ಲಿ ಬಿಳಿಯರು ಹೋದರು. ಪೇಟೆಯಲ್ಲಿ ಸಕ್ಕರೆ ಹಂಚಿದರು. ಅದಾದ ಮೇಲೆ ಮನೆಗೆ ರೂಲು ಎಂಬ ಮಾತು ಇನ್ನೊಂದು ಸಲ ಬಂತು. ಈ ಸಲ ತಂದವನು ಮಗ ಮರುಳಸಿದ್ದಯ್ಯ. ಅವನು ಮುನ್ಸೀಫ್ ಕೋರ್ಟಿನಲ್ಲಿ ವಕೀಲ. ಕರಿಕೋಟು ಗೂಟಕ್ಕೆ ನೇತುಹಾಕಿ, ಖಾದಿ ಜುಬ್ಬ ತೊಟ್ಟು, ಊಟಕ್ಕೆ ಕೂತಾಗ ಹೇಳಿದ:

"ದೇಶಕ್ಕೆಲ್ಲ ಸ್ವಾತಂತ್ರ್ಯ ಬಂತು. ನಮ್ಮ ಮೈಸೂರಲ್ಲಿ ಮಾತ್ರ ಇನ್ನೂ ಅರಮನೆ ರೂಲು ನಡೀತೈತೆ."

ನಾಗರತ್ನಮ್ಮ ಸಾರಿನ ಸೌಟು ಹಿಡಿದು ನಿಂತರು. "ಅರಮನೇಲೂ ಅದನ್ನ ಇಟ್ಕಂಡವ್ರಾ?"

"ಯಾವುದನ್ನವ್ವ?"

"ಕರೀ ದೊಣ್ಣೇನ."

ಮರುಳಸಿದ್ದಯ್ಯ ನಕ್ಕುಬಿಟ್ಟ. "ಆ ರೂಲಲ್ಲ ಕಣವ್ವ. ರೂಲು ಅಂದ್ರೆ ಆಳೋದು. ನಮ್ಮನ್ನ ಒಂದು ಮಾತೂ ಕೇಳದೆ ನಮ್ಮನ್ನ ಆಳೋದು. ಜವಾಬ್ದಾರಿ ಸರ್ಕಾರ ಬಂದ್ರೆ ಜನಗಳ್ನ ಕೇಳಿ ಆಳಬೇಕಾಯ್ತದೆ."

ಎದುರು ಮಣೆಯಲ್ಲಿದ್ದ ನಾಗಲಿಂಗಯ್ಯನವರು ತುತ್ತು ನುಂಗಿ ನೀರು ಕುಡಿದರು. "ರೂಲು ಅಂದ್ರೆ ಕಾಯ್ದೆ. ಕಾಯ್ದೆ ಇಲ್ದಿದ್ರೆ ನಿನ್ನ ಕೋರ್ಟೂ ಇಲ್ಲ, ನನ್ನ ಕಚೇರೀನೂ ಇಲ್ಲ. ಈ ತಟ್ಟೇಲಿರೋ ಮುದ್ದೆ ಮಹಾರಾಜರ ಪಿಂಚಣೀದು. ಅದನ್ನ ನೆಪ್ಪಿಟ್ಕಂಡು ಮಾತಾಡು."

"ಪಿಂಚಣಿ ಜನಗಳ ಕಂದಾಯದ್ದು ಅಪ್ಪಯ್ಯ. ಅರಮನೇಲಿ ಯಾರೂ ರಾಗಿ ಬೆಳಿಯಲ್ಲ."

"ಬೆಳೆಯೋನು ನೀನೇನೋ? ಕುಂತು ತಿನ್ನೋನು."

ಇಬ್ಬರ ತಟ್ಟೆಯಲ್ಲೂ ಮುದ್ದೆ ಆರಿ ಗಟ್ಟಿಯಾಯಿತು. ಆರಿದ ಮುದ್ದೆ ನುಂಗಲಾಗದೆ ಇಬ್ಬರೂ ಬಿಸಿಯದು ಕೇಳಿದರು. ಕಮಲಾಕ್ಷಮ್ಮ ಸೊಂಟ ಹಿಡಿದುಕೊಂಡು ಎದ್ದು ಮತ್ತೆ ಹಿಟ್ಟು ತಿರುವಿದಳು.

"ಒಂದು ಮಾತಿಗೆ ಅದೆಷ್ಟು ಅರ್ಥವೋ ನಾ ಕಾಣೆ" ಎಂದರು ನಾಗರತ್ನಮ್ಮ, ಗಂಡಸರು ಕೈ ತೊಳೆಯಲು ಹೋದ ಮೇಲೆ. "ಎಲ್ಲಾ ಅರ್ಥಾನೂ ಬಂದು ನಮ್ಮ ಒಲೆ ಮುಂದೇನೇ ನಿಲ್ತವೆ."

ಪಾತ್ರೆ ತಿಕ್ಕಲು ಬರುತ್ತಿದ್ದ ಲಕ್ಕಮ್ಮ ಹಿತ್ತಲಿನಿಂದಲೇ ಕೇಳಿದಳು. "ರೂಲು ಅಂದ್ರೆ ಇಸ್ಕೂಲಲ್ಲಿ ಐಕಳಿಗೆ ಬಾರ್ಸೋ ಕೋಲಲ್ವಾ ಅಮ್ಮಾರೆ? ನನ್ನ ಗಂಡನ ತಾವೂ ಒಂದೈತೆ, ಉಣಸೇ ಬರ್ಲು."

ಸೆಪ್ಟೆಂಬರಿನಲ್ಲಿ ಜವಾಬ್ದಾರಿ ಸರ್ಕಾರ ಬೇಕೆಂಬ ಗಲಾಟೆ ಜೋರಾಯಿತು. ಕೋರ್ಟಿಗೆ ವಕೀಲರು ಹೋಗಲಿಲ್ಲ, ಅಂಗಡಿಗಳು ಒಂದು ದಿನ ತೆಗೆದರೆ ಎರಡು ದಿನ ಮುಚ್ಚಿದವು. ಪಾವಗಡ, ಶಿರಾ ಕಡೆಯಿಂದ ಕಚೇರಿಯ ಮುಂದೆ ಕೂರಲು ಹುಡುಗರು ನಡೆದುಕೊಂಡು ಬಂದರು. ಒಂದು ಬೆಳಿಗ್ಗೆ ಮರುಳಸಿದ್ದಯ್ಯ ಅಡಿಗೆಮನೆಯ ಹೊಸಿಲಲ್ಲಿ ನಿಂತು, "ಇವತ್ತಿಂದ ಹತ್ತು ಹನ್ನೆರಡು ಜನ ನಮ್ಮಲ್ಲೇ ಉಣ್ತಾರೆ. ನಾನು ಮಾತು ಕೊಟ್ಟುಬಂದಿದೀನಿ" ಎಂದ.

"ಎಲ್ಲಿಂದ ತಂದು ಬೇಯಿಸೋದಪ್ಪ? ನಿಮ್ಮಪ್ಪ ಅಳೆದು ಕೊಡೋದು ನಮಗೇ ಸಾಲ್ದು."

"ರಾಗಿ ನಾನು ತರಿಸಿದೀನಿ."

ರಾಗಿ ಬಂತು, ಹಳ್ಳಿಯವರು ಕೊಟ್ಟ ಎರಡು ಮೂಟೆ. ಬೀಸಿದ ಹಿಟ್ಟಲ್ಲ, ಕಾಳು. ಮಿಲ್ಲಿಗೆ ಹಾಕಿಸು ಎಂದರೆ, ಹರತಾಳಕ್ಕೆ ಮಿಲ್ಲೂ ಮುಚ್ಚಿದೆ, ಮುಚ್ಚಿಸಿದವರು ನಾವೇ ಎಂದ ಮಗ. ಅಟ್ಟದ ಮೂಲೆಗೆ ಸರಿಸಿಟ್ಟಿದ್ದ ಬೀಸೋಕಲ್ಲನ್ನು ಲಕ್ಕಮ್ಮನ ಕೈಯಲ್ಲಿ ಇಳಿಸಿಕೊಂಡು, ಅತ್ತೆ ಸೊಸೆ ಎದುರು ಬದುರು ಕೂತು ಬೀಸಿದರು.

ನಾಗಲಿಂಗಯ್ಯನವರು ಆ ಹಿಟ್ಟು ತಮ್ಮ ಒಲೆಯ ಮೇಲೆ ಬೇಯಕೂಡದು ಎಂದರು. ಸರ್ಕಾರದ ಪಿಂಚಣಿದಾರನ ಮನೆಯಲ್ಲಿ ಸರ್ಕಾರದ ವಿರೋಧಿಗಳಿಗೆ ಅಡಿಗೆ ಮಾಡಿದರೆ ಪಿಂಚಣಿಗೆ ಕುತ್ತು, ಅದು ರೂಲಿನಲ್ಲೇ ಇದೆ ಎಂದರು. ಮಗ ಸೋಲಲಿಲ್ಲ. ಹಿತ್ತಲಲ್ಲಿ ಮೂರು ಕಲ್ಲಿಟ್ಟು ಬೇರೆ ಒಲೆ ಹೂಡಿಸಿದ. ಅಪ್ಪ ಮಗ ಇಬ್ಬರೂ ಗೆದ್ದರು. ಹೆಂಗಸರಿಬ್ಬರಿಗೆ ಎರಡು ಒಲೆಯಾಯಿತು. ಒಳಗಿನ ಒಲೆಗೆ ಗಂಟೆ ಹೊಡೆಯುವಾಗ ಊಟವಾಗಬೇಕು. ಹೊರಗಿನ ಒಲೆಗೆ ಹೊತ್ತಿಲ್ಲ ಗೊತ್ತಿಲ್ಲ, ಹುಡುಗರು ಬಂದಾಗ ಊಟ.

ಹುಡುಗರು ಒಳ್ಳೆಯವರೇ. ಜಗಲಿಯಲ್ಲಿ ಸಾಲಾಗಿ ಕೂತು, ತಲೆ ತಗ್ಗಿಸಿ ಉಣ್ಣುತ್ತಿದ್ದರು. ಬಲಸಮುದ್ರದ ಸಂಜೀವಯ್ಯ ಎಂಬುವನಂತೂ "ಅಮ್ಮಾ, ಇಂಕ ಕೊಂಚಂ ಸಾರು ಹಾಕಮ್ಮಾ" ಎಂದು ಅರ್ಧ ತೆಲುಗಿನಲ್ಲಿ ಕೇಳಿದಾಗ ನಾಗರತ್ನಮ್ಮನವರಿಗೆ ಇಲ್ಲ ಎನ್ನಲು ಬಾಯಿ ಬರುತ್ತಿರಲಿಲ್ಲ. ಒಂದು ಸಂಜೆ ಮರುಳಸಿದ್ದಯ್ಯ ಹೆಗಲು ಊದಿಸಿಕೊಂಡು ಬಂದ. ಲಾಠಿ ಏಟು. ನಾಗರತ್ನಮ್ಮ ಅರಿಸಿನ ಅರೆದು ಹಚ್ಚಿದರು. ಅತ್ತ ಮುಖ ಮಾಡಿ ಕೂತಿದ್ದ ನಾಗಲಿಂಗಯ್ಯನವರು ಎದ್ದು ಹೋಗಿ ಬಿಸಿನೀರು ತಂದಿಟ್ಟು, ಮತ್ತೆ ಅತ್ತ ಮುಖ ಮಾಡಿ ಕೂತರು. ಇವರಿಬ್ಬರಲ್ಲಿ ಕೆಟ್ಟವರು ಯಾರು ಎಂದು ಬೈಯಲು ಹೊರಟರೆ ಯಾರೂ ಸಿಕ್ಕದಿದ್ದುದೇ ನಾಗರತ್ನಮ್ಮನವರಿಗೆ ದೊಡ್ಡ ಬೇಸರವಾಗಿತ್ತು.

ಆ ವಾರವೇ ತೋವಿನಕೆರೆಯಿಂದ ಕಮಲಾಕ್ಷಮ್ಮನ ಅಣ್ಣ ಪರ್ವತಯ್ಯ ಗಾಡಿ ಕಟ್ಟಿಕೊಂಡು ಬಂದ. ತಂಗಿಯನ್ನು ಬಾಣಂತನಕ್ಕೆ ಕರೆದೊಯ್ಯಬೇಕು. ಗಾಡಿಯಲ್ಲಿ ಹುಲ್ಲು ಹಾಸಿ, ಅದರ ಮೇಲೆ ಕೌದಿ ಹಾಸಿ ತಂದಿದ್ದ. ಕಮಲಾಕ್ಷಮ್ಮ ಅಣ್ಣನ ದನಿ ಕೇಳಿ ಬೀಸುವ ಗೂಟ ಬಿಟ್ಟು ಎದ್ದು ನಿಂತಳು.

"ಬರ್ತೀನಿ ಅಂತ ಮುಂಚೆ ತಿಳಿಸಿದ್ರಾ?" ಎಂದು ನಾಗಲಿಂಗಯ್ಯನವರು ಕೇಳಿದರು.

"ಹೆಂಗೆ ತಿಳ್ಸೋದು ಮಾವನೋರೆ, ದಾರೀಲಿ ಬಸ್ಸೂ ಇಲ್ಲ, ಟಪಾಲೂ ಸರಿಯಾಗಿ ಬರ್ತಾ ಇಲ್ಲ."

"ಗಲಾಟೆ ಕಾಲದಲ್ಲಿ ಬಸುರಿ ಹೆಂಗಸನ್ನ ದಾರಿಗೆ ಬಿಡೋಕಾಗಲ್ಲ. ಈ ಮನೇಲಿ ಒಂದು ರೂಲೈತೆ. ಮುಂದಿನ ತಿಂಗಳು ನೋಡಾನ."

ಪರ್ವತಯ್ಯ ಭಾವನ ಕಡೆ ತಿರುಗಿದ. ಅಪ್ಪ ಬೇಡ ಎಂದದ್ದಕ್ಕೆ ಮಗ ಬೇಕು ಎಂದಾನು ಎಂದು ನಾಗರತ್ನಮ್ಮ ಕಾದರು. ಮರುಳಸಿದ್ದಯ್ಯ ಕೆಮ್ಮಿದ.

"ಇನ್ನೊಂದೆರಡು ವಾರ ತಡಿ ಭಾವ. ಈಗ ಇವಳು ಹೊಂಟ್ರೆ ಹುಡುಗರಿಗೆ ಯಾರು ಬೇಯ್ಸೋರು? ಅವ್ವ ಒಬ್ಬಳ ಕೈಲಾಗಲ್ಲ."

ವರ್ಷಗಟ್ಟಲೆ ಯಾವುದಕ್ಕೂ ಒಪ್ಪದ ಅಪ್ಪ ಮಗ ಅಂದು ಒಪ್ಪಿದರು. ಪರ್ವತಯ್ಯ ಊಟವನ್ನೂ ಮಾಡದೆ ಗಾಡಿ ತಿರುಗಿಸಿದ. ಕಮಲಾಕ್ಷಮ್ಮ ಬಾಗಿಲಿಗೆ ಬಂದು ನೋಡಲಿಲ್ಲ. ಕೂತು, ಬಿಟ್ಟಿದ್ದ ಗೂಟ ಹಿಡಿದು ಬೀಸತೊಡಗಿದಳು. ನಾಗರತ್ನಮ್ಮ ಎದುರು ಕೂತು ಕೈ ಸೇರಿಸಿದರು. ತಾವೂ ಆಗ ಒಂದು ಮಾತು ಆಡಲಿಲ್ಲವಲ್ಲ ಎಂಬುದು ಅವರಿಗೆ ಹಿಟ್ಟು ಜರಡಿ ಹಿಡಿಯುವಾಗ ಹೊಳೆಯಿತು.

ಕೆಲವು ದಿನ ಕಳೆದು ಒಂದು ಬೆಳಿಗ್ಗೆ ಕಮಲಾಕ್ಷಮ್ಮ ಬೀಸೋಕಲ್ಲಿನ ಮೇಲೇ ವಾಲಿದಳು. ಕಣ್ಣು ಕತ್ತಲಿಟ್ಟಿತ್ತು. ಕಾಲು ಊದಿ ಕಾಲುಂಗುರ ಮಾಂಸದೊಳಗೆ ಹೂತಿತ್ತು. ನಾಗರತ್ನಮ್ಮ ಮುಖಕ್ಕೆ ನೀರು ಚಿಮುಕಿಸಿ, ಗೋಡೆಗೆ ಒರಗಿಸಿ ಕೂರಿಸಿದರು.

"ಏನಾಯ್ತವ್ವ?"

"ಏನಿಲ್ಲ ಅತ್ತೆ. ಆವಾಗ್ಲೂ ಇಂಗೇ ಆಗಿತ್ತು." ಆವಾಗ ಎಂದರೆ ಮೊದಲ ಮಗುವಿನ ಕಾಲ. ಹೇಳಿದವಳ ಮುಖದಲ್ಲಿ ಅಳುವೂ ಇರಲಿಲ್ಲ.

ಪೂಜೆಯ ಕೋಣೆಯಿಂದ ನಾಗಲಿಂಗಯ್ಯನವರ ದನಿ ಬಂತು: "ಗಂಟೆ ಹೊಡಿಯೋ ಹೊತ್ತಾಯ್ತು." ಜಗಲಿಯಿಂದ ಮರುಳಸಿದ್ದಯ್ಯನ ದನಿ ಬಂತು: "ಅವ್ವ, ಹುಡುಗರು ಬಂದವ್ರೆ."

ನಾಗರತ್ನಮ್ಮ ಎದ್ದರು. ಹಿತ್ತಲ ಬಾಗಿಲಿನಿಂದ ಲಕ್ಕಮ್ಮನನ್ನು ಗಾಡಿ ಅಡ್ಡೆಗೆ ಓಡಿಸಿದರು. ಒಳಗಿನ ಒಲೆಯ ಬೆಂಕಿ ಎಳೆದು ನೀರು ಹಾಕಿದರು. ಹೊರಗಿನ ಒಲೆಗೂ ಹಾಕಿದರು. ಗಾಡಿ ಬೈರಪ್ಪ ಎತ್ತು ಹೂಡಿಕೊಂಡು ಮನೆ ಮುಂದೆ ಬಂದಾಗ ಅತ್ತೆ ಸೊಸೆಯನ್ನು ತಬ್ಬಿ ಹಿಡಿದು ಪಡಸಾಲೆ ದಾಟುತ್ತಿದ್ದರು. ನಾಗಲಿಂಗಯ್ಯನವರು ವಿಭೂತಿಯ ಕೈಯಲ್ಲೇ ಹೊರಗೆ ಬಂದರು.

"ಎಲ್ಲಿಗೆ?"

"ತೋವಿನಕೆರೆಗೆ."

"ಯಾರನ್ನ ಕೇಳಿ?"

"ಬದುಕಿರೋಳ್ನ ಕೇಳಿ" ಎಂದರು ನಾಗರತ್ನಮ್ಮ. "ಸತ್ತ ಮೇಲೆ ನಿಮ್ಮನ್ನ ಕೇಳ್ತೀನಿ. ಆವಾಗ ವಾರ ಮುಂಚೆ ತಿಳಿಸೋಕೂ ಪುರುಸೊತ್ತಿರ್ತದೆ."

ಮರುಳಸಿದ್ದಯ್ಯ ಓಡಿಬಂದ. "ಅವ್ವ, ಒಂದು ಮಾತು ಹೇಳಬಾರದಾ? ಹುಡುಗರು ಹಸ್ಕಂಡು ಕುಂತವ್ರೆ."

"ಹಿಟ್ಟು ಬೀಸಿ ಇಟ್ಟಿವ್ನಿ. ನಿನ್ನ ಸರ್ಕಾರದಲ್ಲಿ ಮುದ್ದೆ ತಿರುವೋರು ಯಾರು ಅಂತ ಅವರನ್ನೇ ಕೇಳಪ್ಪ."

ಜಗಲಿಯ ಹುಡುಗರು ಎದ್ದು ಬಂದು ಗಾಡಿಗೆ ಹುಲ್ಲು ಹೊಂದಿಸಿದರು. ಸಂಜೀವಯ್ಯ ತನ್ನ ಹೊದಿಕೆಯನ್ನು ಮಡಿಸಿ ಕಮಲಾಕ್ಷಮ್ಮನ ಬೆನ್ನಿಗೆ ಕೊಟ್ಟ. ಗಾಡಿ ಕೊರಟಗೆರೆಯ ದಾರಿ ಹಿಡಿಯಿತು. ಪ್ರತಿ ಹಳ್ಳಕ್ಕೂ ನಾಗರತ್ನಮ್ಮ "ನಿಧಾನ ಬೈರಪ್ಪ" ಎನ್ನುತ್ತ, ಊದಿದ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಕೂತರು. ತೋವಿನಕೆರೆ ಮುಟ್ಟುವಾಗ ದನಗಳು ಮನೆಗೆ ಬರುವ ಹೊತ್ತು.

ಬೀಗಿತ್ತಿ ಜಗದಾಂಬ ಮಗಳನ್ನು ಒಳಗೆ ಮಲಗಿಸಿದರು. ಅತ್ತೆಯಾದವಳು ಬೀಗರ ಮನೆಯಲ್ಲಿ ಠಿಕಾಣಿ ಹೂಡುವುದು ಕಂಡದ್ದೂ ಅಲ್ಲ, ಕೇಳಿದ್ದೂ ಅಲ್ಲ. ಆದರೂ ನಾಗರತ್ನಮ್ಮ ಉಳಿದರು. ಎರಡು ದಿನ ಸುಮ್ಮನಿದ್ದರು. ಮೂರನೆಯ ದಿನ, ಸಾರಿಗೆ ಇಷ್ಟು ಖಾರ ಬೇಡ ಎಂದರು. ಅದರ ಮಾರನೆಯ ದಿನ, ಬಸುರಿಗೆ ಹಗಲು ನಿದ್ದೆ ಆಗದು ಎಂದು ಎಬ್ಬಿಸಿದರು. ಸೌದೆ ಒಟ್ಟುವುದು ಹೀಗಲ್ಲ ಎಂದು ಪರ್ವತಯ್ಯನಿಗೆ ತೋರಿಸಿಕೊಟ್ಟರು. ಜಗದಾಂಬ ನಗುತ್ತಲೇ ಹೇಳಿದರು, "ಬೀಗಿತ್ತಿ, ನಿಮ್ಮನೆ ರೂಲೆಲ್ಲಾ ಗಾಡೀಲಿ ಹಾಕ್ಕಂಡೇ ಬಂದಿದೀರ." ನಾಗರತ್ನಮ್ಮನವರಿಗೆ ಅದು ಚುಚ್ಚಿತು. ಅಂದಿನಿಂದ ಸಾರಿನ ಮಾತೆತ್ತಲಿಲ್ಲ. ಸೌದೆಯನ್ನು ಮಾತ್ರ ಯಾರೂ ಇಲ್ಲದಾಗ ತಾವೇ ಸರಿಯಾಗಿ ಒಟ್ಟಿದರು.

ಸಂತೆಗೆ ಬಂದ ಬೈರಪ್ಪ ಮಧುಗಿರಿಯ ಸುದ್ದಿ ತಂದ. "ನಿಮ್ಮ ಯಜಮಾನ್ರು ಸಾರು ಕುದುಸ್ತಾವ್ರೆ ಅಮ್ಮಾರೆ. ಲಾಯರಪ್ಪ ಮುದ್ದೆ ತಿರುವಕ್ಕೋಗಿ ಕೈ ಬೊಬ್ಬೆ ಎಬ್ಬಿಸ್ಕಂಡವ್ರೆ. ಎರಡೊಲೆ ಹಚ್ಚಕಾಗಲ್ಲ ಅಂತ ಒಂದೇ ಒಲೆ. ಯಜಮಾನ್ರೂ ಆ ಹುಡುಗ್ರೂ ಒಂದೇ ಸಾಲು."

"ಗಂಟೆ ಹೊಡಿಯೋವಾಗ ಊಟ ಆಯ್ತದಾ?"

"ಯಾವ ಗಂಟೆ ಅಮ್ಮಾರೆ, ಮುದ್ದೆ ಬೆಂದಾಗ ಊಟ."

ನಾಗರತ್ನಮ್ಮ ನಗಬೇಕೆಂದುಕೊಂಡರು. ಆ ವಯಸ್ಸಿನ ಗಂಡ ಹೊಗೆಯಲ್ಲಿ ಕೂತು ಕಣ್ಣೊರೆಸಿಕೊಳ್ಳುವುದು ಕಣ್ಣಿಗೆ ಕಟ್ಟಿ ನಗು ಬರಲಿಲ್ಲ.

ಮಹಾಲಯ ಅಮಾವಾಸ್ಯೆ ಕಳೆದ ಮೇಲೆ ಕಮಲಾಕ್ಷಮ್ಮನಿಗೆ ನೋವು ಬಂತು. ಊರ ಹೊರಗಿನ ಕೇರಿಯಿಂದ ಸೂಲಗಿತ್ತಿ ಕೊಲ್ಲಾಪುರಮ್ಮನನ್ನು ಕರೆತಂದರು. ಒಣಕಲು ಮೈಯ, ದಪ್ಪ ದನಿಯ ಹೆಂಗಸು. ನಾಗರತ್ನಮ್ಮ ಏನೋ ಹೇಳಲು ಬಾಯಿ ತೆರೆದರೆ "ನೀವು ನೀರು ಕಾಯಿಸ್ರವ್ವ" ಎಂದಳು. ಬೆಳಗಿನಿಂದ ಮಧ್ಯಾಹ್ನದ ತನಕ ಕಮಲಾಕ್ಷಮ್ಮ ಹಲ್ಲು ಕಚ್ಚಿದಳು. ಮಗು ಹೊರಬಂದಾಗ ನೀಲಿಯಾಗಿತ್ತು. ಅಳಲಿಲ್ಲ. ನಾಗರತ್ನಮ್ಮ ಬಿಸಿನೀರಿನ ಪಾತ್ರೆ ಹಿಡಿದು ನಿಂತಿದ್ದರು. ಮೊದಲ ಮಗು ಹುಟ್ಟಿದಂದೂ ಅವರು ಹೀಗೆಯೇ ನಿಂತಿದ್ದರು. ಕೊಲ್ಲಾಪುರಮ್ಮ ಮಗುವಿನ ಮೂಗು ಬಾಯಿಗೆ ತನ್ನ ಬಾಯಿಟ್ಟು ಕಫ ಎಳೆದು ಉಗುಳಿದಳು. ಮತ್ತೆ ಎಳೆದಳು, ಮತ್ತೆ ಉಗುಳಿದಳು. ಅಂಗಾಲಿಗೆ ಉಗುರಿನಿಂದ ಮೀಟಿದಳು. ಬೆಕ್ಕಿನ ಮರಿಯ ಹಾಗೆ ಒಂದು ಸಣ್ಣ ಕೀರಲು ಬಂತು. ಆಮೇಲೆ ಮನೆಯೆಲ್ಲ ಕೇಳುವ ಅಳು.

"ಹೆಣ್ಣು" ಎಂದಳು ಕೊಲ್ಲಾಪುರಮ್ಮ. "ಗಂಟ್ಲು ಗಟ್ಟಿಯಾಗೈತೆ."

ಪರ್ವತಯ್ಯ ಮಧುಗಿರಿಗೆ ಸುದ್ದಿ ಮುಟ್ಟಿಸಿದ. ದಸರಾ ಮುಗಿದ ಮೇಲೆ ಅಪ್ಪ ಮಗ ಒಂದೇ ಗಾಡಿಯಲ್ಲಿ ಬಂದಿಳಿದರು. ಇಬ್ಬರೂ ಸೊರಗಿಹೋಗಿದ್ದರು. ಮರುಳಸಿದ್ದಯ್ಯನ ಅಂಗೈಯ ಬೊಬ್ಬೆ ಒಣಗಿ ಸಿಪ್ಪೆ ಏಳುತ್ತಿತ್ತು. ಆದರೆ ಮುಖ ಅರಳಿತ್ತು. ಮೈಸೂರಿನಲ್ಲಿ ಒಪ್ಪಂದವಾಗಿತ್ತು, ಜನರ ಮಂತ್ರಿಗಳು ಕುರ್ಚಿಯಲ್ಲಿ ಕೂತಿದ್ದರು.

"ಅವ್ವ, ಇನ್ಮೇಲೆ ನಮ್ಮದೇ ರೂಲು" ಎಂದ.

"ಪಿಂಚಣಿ ನಿಲ್ಸಲ್ವಂತೆ" ಎಂದರು ನಾಗಲಿಂಗಯ್ಯನವರು, ಬೇರೆ ಮಾತಿಲ್ಲದವರ ಹಾಗೆ. ಚಪ್ಪಲಿ ಬಿಡುತ್ತ, "ನೀನು ಯಾವಾಗ ಬರ್ತೀಯ?" ಎಂದರು. ಮದುವೆಯಾದಂದಿನಿಂದ ಅವರು ಹೆಂಡತಿಯನ್ನು ಅಂಥ ದನಿಯಲ್ಲಿ ಏನನ್ನೂ ಕೇಳಿರಲಿಲ್ಲ. ನಾಗರತ್ನಮ್ಮ "ಕಾಲು ತೊಳ್ಕಳಿ" ಎಂದರು.

ಪಡಸಾಲೆಯಲ್ಲಿ ಕೂತು ಬೆಲ್ಲ ನೀರು ಕುಡಿಯುವ ಹೊತ್ತಿಗೆ ಅಪ್ಪ ಮಗನಿಗೆ ಮತ್ತೆ ಹತ್ತಿಕೊಂಡಿತು. ಮಗುವಿಗೆ ತಮ್ಮ ತಾಯಿಯ ಹೆಸರು ಸಿದ್ದಲಿಂಗಮ್ಮ ಎಂದು ಇಡಬೇಕು ಎಂದರು ನಾಗಲಿಂಗಯ್ಯನವರು. ಇಂಥ ವರ್ಷ ಹುಟ್ಟಿದ ಮಗು, ಸ್ವರಾಜ್ಯಲಕ್ಷ್ಮಿ ಎಂದೇ ಇಡಬೇಕು ಎಂದ ಮಗ. ದನಿ ಏರಿತು. ನಾಗರತ್ನಮ್ಮ ಕಂಬಕ್ಕೆ ಒರಗಿ ನಿಂತು ಇಬ್ಬರೂ ಸೋಲಲಿ ಎಂದು ಕಾಯುತ್ತಿದ್ದರು. ಅವರಿಗೆ ತಮ್ಮ ತಾಯಿ ಹಾಲಮ್ಮನ ಹೆಸರು ಇಡಬೇಕೆಂದಿತ್ತು.

"ಹೆಸರು ಇಟ್ಟಾಯ್ತು ಮಾವ" ಎಂದು ಬಾಣಂತಿ ಕೋಣೆಯ ಒಳಗಿನಿಂದ ಕಮಲಾಕ್ಷಮ್ಮ ಹೇಳಿದಳು.

ನಾಗಲಿಂಗಯ್ಯನವರು ಕೋಣೆಯ ಕಡೆ ತಿರುಗಿದರು. "ಯಾರು ಇಟ್ಟೋರು?"

"ನಾನು."

"ಏನಂತ?"

"ಕೊಲ್ಲಾಪುರಮ್ಮ ಅಂತ."

ನಾಗಲಿಂಗಯ್ಯನವರ ಕೈಯ ಚೊಂಬು ಬಾಯಿಗೂ ನೆಲಕ್ಕೂ ನಡುವೆ ನಿಂತಿತು. "ಸೂಲಗಿತ್ತಿ ಹೆಸರು? ಲಿಂಗ ಕಟ್ಟೋ ಮನೇಲಿ?"

"ಅಲ್ಲ ಕಮಲ, ಒಂದು ಮಾತು ನನ್ನನ್ನ..." ಎಂದು ಹೊರಟ ಮರುಳಸಿದ್ದಯ್ಯ ಅಲ್ಲಿಗೇ ನಿಲ್ಲಿಸಿದ.

ಇಬ್ಬರೂ ನಾಗರತ್ನಮ್ಮನವರ ಕಡೆ ತಿರುಗಿದರು. "ನೀನಾದ್ರೂ ಹೇಳು ಅವಳಿಗೆ" ಎಂದರು ಗಂಡ.

ನಾಗರತ್ನಮ್ಮನವರಿಗೂ ಮೈಯೆಲ್ಲ ಉರಿದಿತ್ತು. ಇಷ್ಟು ದಿನ ಕಾಲು ಒತ್ತಿದವರು ತಾವು, ನೀರು ಕಾಯಿಸಿದವರು ತಾವು. ಹಾಲಮ್ಮ ಎಂಬ ಹೆಸರು ತುಟಿಯ ತನಕ ಬಂದಿತ್ತು. ಸರಸರ ಬಾಣಂತಿ ಕೋಣೆಗೆ ಹೋದರು. ಕಮಲಾಕ್ಷಮ್ಮ ಗೋಡೆಗೆ ಒರಗಿ ಕೂತು, ಬಾಗಿಲ ಕಡೆಯೇ ನೋಡುತ್ತಿದ್ದಳು. ಕಣ್ಣು ತಗ್ಗಿಸಲಿಲ್ಲ. ಮಗುವನ್ನು ಎತ್ತಿ ಅತ್ತೆಯ ಕೈಗೆ ಕೊಟ್ಟಳು. ಕೂಸು ಮುಖ ಕಿವುಚಿ, ಬಾಯಗಲಿಸಿ, ಅಂದು ಬಾರದೇ ಹೋದ ಅಳುವನ್ನೆಲ್ಲ ಸೇರಿಸಿ ಅತ್ತಿತು. ನಾಗರತ್ನಮ್ಮನವರ ತೋಳು ಬೆಚ್ಚಗಾಗಿ ತೊಯ್ದಿತು.

ಅವರು ಮಗುವನ್ನು ಎತ್ತಿಕೊಂಡು ಬಾಗಿಲಿಗೆ ಬಂದರು. ಗಂಡನೂ ಮಗನೂ ಅವರ ಬಾಯನ್ನೇ ನೋಡುತ್ತಿದ್ದರು.

"ಕೊಲ್ಲಾಪುರಮ್ಮ ಉಚ್ಚೆ ಹುಯ್ದವಳೆ" ಎಂದರು ನಾಗರತ್ನಮ್ಮ. "ಹಗ್ಗದ ಮೇಲೆ ಒಣಗಿದ ಬಟ್ಟೆ ಐತೆ, ಯಾರಾದ್ರೂ ಎದ್ದು ತನ್ನಿ."

ಅಪ್ಪ ಮಗ ಇಬ್ಬರೂ ಒಟ್ಟಿಗೇ ಎದ್ದರು.